ಗಡಿಯಾರ ನೋಡುತ್ತಿದ್ದ ಶಾಖೆ

ತೀರ್ಥಹಳ್ಳಿ ತಾಲ್ಲೂಕಿನ ಬ್ಯಾಂಕ್ ಶಾಖೆಯೊಂದಕ್ಕೆ ನಾನು ಮ್ಯಾನೇಜರ್ ಆಗಿ ಹೋದಾಗ ಅಲ್ಲಿ ಯಾರೂ ಕೆಲಸ ಬಿಡುವವರಲ್ಲ. ಸಂಬಳ ಇದೆ, ಕಡಿಮೆ ಬಡ್ಡಿಗೆ ಮನೆ ಸಾಲ ಇದೆ, ಬಿಡೋದು ಯಾಕೆ ಅಲ್ವಾ? ಇದನ್ನೇ ನಾನು ನಿಷ್ಠೆ ಅಂದುಕೊಂಡಿದ್ದೆ. ಆದರೆ ಸಂಜೆಯಾದರೆ ಎಲ್ಲರ ಕಣ್ಣೂ ಗಡಿಯಾರದ ಮೇಲೆ.

ಮೇಯರ್ ಮತ್ತು ಅಲೆನ್ ಎಂಬ ಸಂಶೋಧಕರು 1991ರಲ್ಲಿ ಹೀಗೆ ಕೆಲಸದಲ್ಲಿ ಉಳಿಯುವುದನ್ನು ಮೂರು ಬಗೆಯಾಗಿ ನೋಡಿದರು. ಇಷ್ಟವಿದ್ದು ಉಳಿಯುವುದು, ಬಿಟ್ಟರೆ ನಷ್ಟ ಅಂತ ಉಳಿಯುವುದು, ಬಿಡುವುದು ಸರಿಯಲ್ಲ ಅನ್ನಿಸಿ ಉಳಿಯುವುದು. ನಮ್ಮಲ್ಲಿದ್ದದ್ದು ಎರಡನೆಯದೇ ಜಾಸ್ತಿ.

ಜುಲೈ ತಿಂಗಳ ಒಂದು ಸಂಜೆ. ಹೊರಗೆ ಜಡಿಮಳೆ, ಕರೆಂಟ್ ಇಲ್ಲ. ಕ್ಯಾಶ್ 900 ರೂಪಾಯಿ ಕಡಿಮೆ ಬಂತು. ನಾನೂ ಕ್ಯಾಷಿಯರ್ ಪಕ್ಕದಲ್ಲಿ ಕೂತು ನೋಟು ಎಣಿಸಿದೆ. ಆಕೆ ತಟ್ಟನೆ, ‘ಸರ್, 900 ಒಂಬತ್ತರಿಂದ ಭಾಗ ಹೋಗುತ್ತೆ. ಹಾಗಿದ್ರೆ ಎಲ್ಲೋ ಎರಡು ಅಂಕಿ ಅದಲುಬದಲಾಗಿರಬೇಕು’ ಅಂದರು. ವೋಚರ್ ತಿರುವಿದೆವು. 5,400 ಕೊಟ್ಟು 4,500 ಅಂತ ಎಂಟ್ರಿ ಆಗಿತ್ತು! ಬಾಗಿಲು ಹಾಕುವಾಗ ಆಕೆ ಮೆಲ್ಲಗೆ ಹೇಳಿದರು: ‘ಮೂರು ವರ್ಷದಿಂದ ಬರೀ ನೋಟು ಎಣಿಸ್ತಿದ್ದೀನಿ ಸರ್. ನಾನು ಅಡಿಕೆ ತೋಟದ ಮನೆಯವಳು. ಬೆಳೆ ಸಾಲದ ಬಗ್ಗೆ ಯಾರೂ ನನ್ನ ಒಂದು ಮಾತು ಕೇಳಲ್ಲ.’

ಆ ಮಾತು ನನ್ನನ್ನು ನಿದ್ದೆ ಮಾಡಲು ಬಿಡಲಿಲ್ಲ. ಮುಂದಿನ ವಾರವೇ ಆಕೆಗೆ ಬೆಳೆ ಸಾಲದ ಟೇಬಲ್ ಕೊಟ್ಟೆ. ಸಾಲಕ್ಕೆ ಸಹಿ ನನ್ನದೇ, ಆದರೆ ತೋಟ ನೋಡಲು ಹೋಗುವಾಗ ಜೊತೆಗೆ ಕರೆದೊಯ್ದೆ. ನಾನಾಗಿದ್ದರೆ ಪಹಣಿ ಕೇಳುತ್ತಿದ್ದೆ. ಆಕೆ ಕೇಳಿದ್ದು, ‘ಈ ಸಲ ಔಷಧಿ ಎಷ್ಟು ಸಲ ಹೊಡೆದ್ರಿ?’ ಅಂತ. ಅಷ್ಟಕ್ಕೇ ರೈತರು ಅಡಿಕೆಯ ಕೊಳೆರೋಗ, ಎಲೆಚುಕ್ಕೆ ರೋಗ, ಹಳೆಯ ಕೈಸಾಲ, ಎಲ್ಲ ಮುಚ್ಚುಮರೆ ಇಲ್ಲದೆ ಹೇಳಿಕೊಂಡರು.

ಎಲ್ಲರಿಗೂ ಇದೇ ಮದ್ದು ನಾಟಲಿಲ್ಲ. ವಿಜಯಪುರ ಕಡೆಯ ಹುಡುಗನೊಬ್ಬನಿಗೆ ಬೇಕಿದ್ದದ್ದು ಊರಿನ ಹತ್ತಿರಕ್ಕೆ ವರ್ಗ. ಅದು ನನ್ನ ಕೈಯಲ್ಲಿರಲಿಲ್ಲ. ಎರಡನೇ, ನಾಲ್ಕನೇ ಶನಿವಾರಕ್ಕೆ ಸೇರಿಸಿ ರಜೆ ಕೊಡುವುದಷ್ಟೇ ನನ್ನಿಂದಾಯಿತು. ಅವನ ಬೇಸರ ಪೂರ್ತಿ ಹೋಗಲಿಲ್ಲ, ಅದು ಸಹಜವೇ.

ಒಂದು ದಿನ ಸಂಜೆ ನಾನು ಹೊರಡುವಾಗ ಆ ಕ್ಯಾಷಿಯರ್ ಇನ್ನೂ ಫೋನಿನಲ್ಲಿದ್ದರು. ಯಾರೂ ಹೇಳಿರಲಿಲ್ಲ. ‘ಗೌಡ್ರೇ, ಸೋಮವಾರಕ್ಕೆ ನಿಮ್ಮ ಬೆಳೆ ಸಾಲ ತಗೊಂಡು ವರ್ಷ ತುಂಬುತ್ತೆ. ಅಷ್ಟರೊಳಗೆ ಕಟ್ಟಿದ್ರೆ ಬಡ್ಡಿ ನಾಲ್ಕೇ ಪರ್ಸೆಂಟ್, ತಪ್ಪಿದ್ರೆ ಮೂರು ಪರ್ಸೆಂಟ್ ಸುಮ್ನೆ ಕಳ್ಕೋತೀರಿ. ನಾಳೆನೇ ಬನ್ನಿ, ನಾನಿರ್ತೀನಿ.’