ಬ್ರೇಕ್ ಪ್ಯಾಡ್ ಎಷ್ಟು ಕಿಲೋಮೀಟರ್ ಬರುತ್ತೆ ಅಂತ ಕೇಳ್ಬೇಡಿ, ಎಷ್ಟು ಎಂಎಂ ಉಳ್ದಿದೆ ನೋಡಿ

ಪಿಕಪ್ ಇಟ್ಕೊಂಡಿರೋರು ಇಬ್ರು ಸಿಕ್ರೆ ಡೀಸೆಲ್ ರೇಟು ಆದ್ಮೇಲೆ ಬರೋ ಮಾತೇ ಇದು, ಪ್ಯಾಡ್ ಎಷ್ಟು ಸಾವಿರ ಕಿಲೋಮೀಟರ್ ಬಂತು ಗುರು ಅಂತ. ನನ್ ಗಾಡಿ ಸಕಲೇಶಪುರದಿಂದ ಶಿರಾಡಿ ಘಾಟಿ ಇಳ್ದು ಮಂಗ್ಳೂರಿಗೆ ಶುಂಠಿ, ತರಕಾರಿ ಹೊಡೆಯುತ್ತೆ, ಬರ್ತಾ ಮೀನಿನ ಕ್ರೇಟು, ನಂಗೆ 18-20 ಸಾವಿರಕ್ಕೆ ಪ್ಯಾಡ್ ಖಲಾಸ್. ನಮ್ ಭಾವ ಅಂಥದೇ ಗಾಡೀನ ಹಾಸನ-ಬೆಂಗ್ಳೂರು ಹೈವೇಲಿ ಓಡಿಸ್ತಾನೆ, ಅವ್ನು 45 ಸಾವಿರ ದಾಟಿಸ್ತಾನೆ. ಇಬ್ರೂ ಸುಳ್ಳು ಹೇಳ್ತಿಲ್ಲ. ಸಕಲೇಶಪುರ 900 ಮೀಟರ್‌ಗಿಂತ ಎತ್ತರದಲ್ಲಿದೆ, ಲೋಡ್ ಸಮೇತ ಅಷ್ಟು ಇಳಿದ್ರೆ ಆ ಜೋರೆಲ್ಲ ಎಲ್ಲಾದ್ರೂ ಹೋಗ್ಲೇಬೇಕಲ್ಲ, ಇಂಜಿನ್ ತಡೀಬೇಕು ಇಲ್ಲ ಪ್ಯಾಡ್ ಉರೀಬೇಕು.

ಬೊಲೆರೋ ಪಿಕಪ್, ದೋಸ್ತ್, ಏಸ್ ಥರದ ಸಣ್ಣ ಗೂಡ್ಸ್ ಗಾಡಿಗೆಲ್ಲ ಮುಂದೆ ಡಿಸ್ಕು (ಚಕ್ರದ ಜೊತೆ ತಿರುಗೋ ತಟ್ಟೆ, ಅದನ್ನ ಎರಡೂ ಕಡೆಯಿಂದ ಪ್ಯಾಡ್ ಒತ್ತಿ ಹಿಡಿಯುತ್ತೆ), ಹಿಂದೆ ಡ್ರಮ್ಮು (ಅದ್ರೊಳಗೆ ಪ್ಯಾಡ್ ಬದಲು ಲೈನರ್ ಉಜ್ಜುತ್ತೆ). ಬ್ರೇಕ್ ಹೊಡೆದಾಗ ಭಾರ ಮುಂದಕ್ಕೆ ಬೀಳೋದ್ರಿಂದ ಹೆಚ್ಚು ಕೆಲ್ಸ ಮುಂದಿನ ಪ್ಯಾಡಿಗೇ, ಹಿಂದಿನ ಲೈನರ್ ಆರಾಮಾಗಿ ಜಾಸ್ತಿ ದಿನ ಬರುತ್ತೆ. ನಮ್ ಕಡೆ ದೊಡ್ಡ ಲಾರಿಗಳಲ್ಲಿ ಹೆಚ್ಚಿನವು ಏರ್ ಬ್ರೇಕು, ಡ್ರಮ್ಮು, ಆ ಲೆಕ್ಕ ಬೇರೆ.

ಈಗ ಅಳತೆ. ಹೊಸ ಪ್ಯಾಡಲ್ಲಿ ಉಜ್ಜೋ ಮಸಾಲೆ ಸುಮಾರು 10-11 ಎಂಎಂ ಇರುತ್ತೆ, ಹಿಂದಿನ ಕಬ್ಬಿಣದ ತಗಡು ಲೆಕ್ಕಕ್ಕಿಲ್ಲ. 3 ಎಂಎಂಗೆ ಬಂದ್ರೆ ಬದಲಾಯಿಸಿ, 2ರವರೆಗೂ ಎಳೀಬೋದು ಅಂತಾರೆ ಆದ್ರೆ ಘಾಟಿ ಓಡಿಸೋರು ಆ ಆಸೆ ಬಿಡಿ, ಮಸಾಲೆ ತೆಳ್ಳಗಾದಷ್ಟೂ ಬಿಸಿ ಸೀದಾ ಪ್ಯಾಡ್ ಒತ್ತೋ ಪಿಸ್ಟನ್ನಿಗೆ, ಅಲ್ಲಿಂದ ಬ್ರೇಕ್ ಆಯಿಲ್‌ಗೆ ಹತ್ತುತ್ತೆ. ಟೈರ್ ರೊಟೇಶನ್‌ಗೆ ಬಿಚ್ಚಿದಾಗೆಲ್ಲ ಅಳೆದು ಕಿಲೋಮೀಟರ್ ಜೊತೆ ಬರ್ಕೊಳ್ಳಿ. ಹೊಸದ್ರಲ್ಲಿ 11 ಇತ್ತು, 12 ಸಾವಿರ ಓಡಿದ್ಮೇಲೆ 8 ಇದೆ ಅಂದ್ರೆ ಎಂಎಂಗೆ 4 ಸಾವಿರ, 3ಕ್ಕೆ ಬರೋಕೆ ಇನ್ನು 5 ಎಂಎಂ, ಅಂದ್ರೆ ಸುಮಾರು 20 ಸಾವಿರ ಬರುತ್ತೆ. ನಿಮ್ ರೋಡು, ನಿಮ್ ಲೋಡು, ನಿಮ್ ಕಾಲು, ಎಲ್ಲಾ ಈ ಒಂದು ಲೆಕ್ಕದಲ್ಲೇ ಬಂದ್ಬಿಡುತ್ತೆ.

ಆದ್ರೆ ಹೊರಗಿನ ಪ್ಯಾಡ್ ಮಾತ್ರ ನೋಡಿ ಸುಮ್ನಾಗ್ಬೇಡಿ, ಒಳಗಿಂದೂ ಬಗ್ಗಿ ನೋಡಿ. ನಂದ್ರಲ್ಲಿ ಒಂದ್ಸಲ ಹೊರಗಡೆ 6 ಎಂಎಂ ಇತ್ತು, ಒಳಗಡೆ ಕಬ್ಬಿಣಾನೇ ಉಜ್ತಿತ್ತು, ಕ್ಯಾಲಿಪರ್ (ಪ್ಯಾಡ್, ಪಿಸ್ಟನ್ ಇಟ್ಕೊಂಡಿರೋ ಭಾಗ) ಜಾರೋ ಪಿನ್ನು ಕೆಸರು, ತುಕ್ಕು ಹಿಡಿದು ಕಚ್ಕೊಂಡಿತ್ತು. ಮಲೆನಾಡಿನ ಮಳೇಲಿ ಇದು ಮಾಮೂಲಿ. ಪ್ಯಾಡ್ ಹಾಕ್ಸುವಾಗ ಆ ಪಿನ್ ಕ್ಲೀನ್ ಮಾಡಿ ಸಿಲಿಕೋನ್ ಗ್ರೀಸ್ ಹಚ್ಚಿಸಿ. ಪ್ಯಾಡ್ ಯಾವತ್ತೂ ಎರಡೂ ಚಕ್ರಕ್ಕೆ ಒಟ್ಟಿಗೇ, ಒಂದೇ ಕಡೆ ಹಾಕಿದ್ರೆ ಗಾಡಿ ಪಕ್ಕಕ್ಕೆ ಎಳೆಯುತ್ತೆ.

ಡಿಸ್ಕ್ ಸಾಮಾನ್ಯವಾಗಿ ಎರಡ್ಮೂರು ಸೆಟ್ ಪ್ಯಾಡ್ ತಿನ್ನುತ್ತೆ. ಅದ್ರ ಕನಿಷ್ಠ ದಪ್ಪ ಎಷ್ಟು ಅಂತ ಹೆಚ್ಚಾಗಿ ಡಿಸ್ಕ್ ಮೇಲೇ ಕೊರೆದಿರ್ತಾರೆ, ತುಕ್ಕು ಉಜ್ಜಿ ನೋಡಿ. ಅಂಚಲ್ಲಿ ಸವೆಯದೆ ಉಳಿದ ದಿಂಡು ಇರುತ್ತಲ್ಲ ಅದ್ರ ಮೇಲೆ ವರ್ನಿಯರ್ ಇಟ್ರೆ ಸುಳ್ಳು ಲೆಕ್ಕ, ಒಳಗಡೆ ಪ್ಯಾಡ್ ಉಜ್ಜೋ ಜಾಗದಲ್ಲಿ ನಾಲ್ಕೈದು ಕಡೆ ಅಳೀರಿ. ಬ್ರೇಕ್ ಹೊಡೆದಾಗ ಸ್ಟೇರಿಂಗ್ ನಡುಗಿದ್ರೆ ಡಿಸ್ಕ್ ಬೆಂಡ್ ಅಂತಾರೆ, ಹೆಚ್ಚಿನ ಸಲ ಅದು ಬೆಂಡಲ್ಲ, ಒಂದು ಕಡೆ ದಪ್ಪ ಒಂದು ಕಡೆ ತೆಳು. ಚಕ್ರದ ನಟ್ಟನ್ನ ಏರ್ ಗನ್ನಲ್ಲಿ ಮನಸ್ಸಿಗೆ ಬಂದಂಗೆ ಬಿಗಿದ್ರೂ ಹಿಂಗಾಗುತ್ತೆ. ಲೇತಿಗೆ ಕೊಟ್ಟು ತೇಯಿಸ್ಬೋದು, ತೇಯ್ಸಿದ್ಮೇಲೂ ಕನಿಷ್ಠ ದಪ್ಪಕ್ಕಿಂತ ಮೇಲೆ ಉಳಿಯೋದಾದ್ರೆ ಮಾತ್ರ. ಬಿರುಕು ಅಂಚಿನವರೆಗೆ ಬಂದಿದ್ರೆ ಗುಜರಿಗೆ.

ಪ್ಯಾಡ್ ಉಳೀಬೇಕಂದ್ರೆ ಹತ್ತಿದ ಗೇರಲ್ಲೇ ಇಳೀರಿ, ಇನ್ನೂ ಒಂದು ಕಮ್ಮಿ ಆದ್ರೆ ಇನ್ನೂ ಒಳ್ಳೇದು. ಡೀಸೆಲ್ ಉಳಿಸ್ತೀನಿ ಅಂತ ನ್ಯೂಟ್ರಲ್ಲಲ್ಲಿ ಘಾಟಿ ಇಳಿಸೋರು ಇದಾರೆ, ಆ್ಯಕ್ಸಿಲರೇಟರ್ ಬಿಟ್ಟು ಗೇರಲ್ಲಿ ಇಳಿಯುವಾಗ ಈಗಿನ ಇಂಜಿನ್ ಡೀಸೆಲ್ ಕುಡಿಯೋದೇ ಇಲ್ಲ ಅನ್ನೋದು ಅವ್ರಿಗೆ ಹೇಳಿದ್ರೂ ನಂಬಲ್ಲ. ಉದ್ದಕ್ಕೂ ಕಾಲು ಇಟ್ಕೊಂಡೇ ಇಳಿಯೋದು ಬೇಡ, ಒಂದ್ಸಲ ಗಟ್ಟಿ ಒತ್ತಿ ಸ್ಪೀಡ್ ಇಳಿಸಿ ಬಿಡಿ, ಮತ್ತೆ ಒತ್ತಿ. ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಬದಲಾಯಿಸಿ, ಅದು ಗಾಳೀಲಿರೋ ತೇವ ಹೀರುತ್ತೆ. ಡಾಟ್ 3 ದರ್ಜೆಯ ಆಯಿಲ್ ಹೊಸದು ಕನಿಷ್ಠ 205 ಡಿಗ್ರಿವರೆಗೆ ಕುದಿಯಲ್ಲ, ನೀರು ಸೇರಿದ್ಮೇಲೆ 140 ಡಿಗ್ರಿಗೇ ಕುದಿಯೋ ಮಟ್ಟಕ್ಕೆ ಇಳಿಯುತ್ತೆ, ಆಗ ಪೆಡಲ್ ಸ್ಪಂಜಿನ ಥರ ಒಳಗೆ ಹೋಗುತ್ತೆ.

ಹೊಸ ಪ್ಯಾಡ್ ಹಾಕಿದ್ಮೇಲೆ ಖಾಲಿ ರೋಡಲ್ಲಿ 50ರಿಂದ 10ಕ್ಕೆ ಹತ್ತು ಸಲ ಮೆಲ್ಲಗೆ ಇಳಿಸಿ, ಪೂರ್ತಿ ನಿಲ್ಲಿಸ್ದೆ, ಆಮೇಲೆ ಆರಲು ಬಿಡಿ, ಮೊದಲ ಟ್ರಿಪ್ಪೇ ಫುಲ್ ಲೋಡಲ್ಲಿ ಘಾಟಿ ಇಳಿಸ್ಬೇಡಿ. ಮತ್ತೆ ಗ್ಯಾರೇಜಿಂದ ಗಾಡಿ ಹೊರಡಿಸೋಕ್ ಮುಂಚೆ ಪೆಡಲ್ ಗಟ್ಟಿಯಾಗೋವರೆಗೆ ನಾಲ್ಕೈದು ಸಲ ತುಳೀರಿ, ಯಾಕಂದ್ರೆ ಪ್ಯಾಡ್ ಹಾಕೋಕೆ ಪಿಸ್ಟನ್ ಹಿಂದಕ್ಕೆ ತಳ್ಳಿರ್ತಾರೆ, ಮೊದಲ ತುಳಿತಕ್ಕೆ ಬ್ರೇಕೇ ಹಿಡಿಯಲ್ಲ. ನಾನು ಮರ್ತಿದ್ದೆ, ಗ್ಯಾರೇಜಿನ ಗೇಟು ಈಗ್ಲೂ ಸೊಟ್ಟಗೇ ಇದೆ.