ಪ್ರಾಸ್ಟೇಟ್ ಕ್ಯಾನ್ಸರ್: ಜೀನ್ ವರದಿ ಓದುವುದು ಹೇಗೆ?

ಪ್ರಾಸ್ಟೇಟ್ ಕ್ಯಾನ್ಸರ್ ರೋಗಿಗಳಲ್ಲಿ ಕೆಲವರಿಗೆ ಈಗ ಬಯಾಪ್ಸಿ ವರದಿಯ ಜೊತೆ ಜೀನ್ ವರದಿಯೂ ಬರುತ್ತದೆ. ಅದರ ಶೇಕಡಾವಾರು ಅಂಕಿಗಳು ಯಾವ ಜನರನ್ನು ಪರೀಕ್ಷಿಸಿ ಬಂದವು ಎಂದು ಕೇಳದೆ ಅದನ್ನು ನಂಬಬೇಡಿ.

ಮೊದಲು ಮಾದರಿ ಯಾವುದೆಂದು ನೋಡಿ. ರಕ್ತ ಅಥವಾ ಎಂಜಲಿನ ಪರೀಕ್ಷೆ ಹುಟ್ಟಿನಿಂದ ಬಂದ ಬದಲಾವಣೆಯನ್ನು ಹುಡುಕುತ್ತದೆ. ಅದು ಒಡಹುಟ್ಟಿದವರಿಗೂ ಮಕ್ಕಳಿಗೂ ಸಂಬಂಧಪಟ್ಟದ್ದು. ಗಡ್ಡೆಯ ತುಣುಕಿನಲ್ಲಿ ಕಾಣುವುದು ಹೆಚ್ಚಾಗಿ ಆಮೇಲೆ ಆದ ಬದಲಾವಣೆ.

ಗಡ್ಡೆಯ ವರದಿಯಲ್ಲಿ ‘ಟಿಎಂಪಿಆರ್‌ಎಸ್‌ಎಸ್2–ಇಆರ್‌ಜಿ’ ಇದೆಯೇ? 21ನೇ ಕ್ರೋಮೋಸೋಮಿನ ಎರಡು ಜೀನ್‌ಗಳು ತುಂಡಾಗಿ ಒಂದಕ್ಕೊಂದು ಅಂಟಿಕೊಂಡಾಗ ಇದು ಹುಟ್ಟುತ್ತದೆ. ಮೊದಲ ಜೀನ್ ಪುರುಷ ಹಾರ್ಮೋನಿಗೆ ಸ್ಪಂದಿಸುವಂಥದ್ದು. ಅಂಟಿಕೊಂಡ ಮೇಲೆ ಇಆರ್‌ಜಿ ಕೂಡ ಅದೇ ಹಾರ್ಮೋನಿನ ತಾಳಕ್ಕೆ ಕುಣಿಯುತ್ತದೆ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಅರುಳ್ ಚಿನ್ನಯ್ಯನ್ ಅವರ ತಂಡ 2005ರಲ್ಲಿ ಇದನ್ನು ಪತ್ತೆಹಚ್ಚಿತು. ಯುರೋಪ್ ಮೂಲದವರ ಗಡ್ಡೆಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಇದು ಸಿಗುತ್ತದೆ. ಆಫ್ರಿಕನ್ ಅಮೆರಿಕನ್ನರಲ್ಲಿ, ಪೂರ್ವ ಏಷ್ಯಾದವರಲ್ಲಿ ಅದಕ್ಕಿಂತ ಬಹಳ ಕಡಿಮೆ. ಬದಲಿಗೆ 208 ಚೀನೀ ರೋಗಿಗಳ ಅಧ್ಯಯನವೊಂದು (2020) ಶೇ 41ರಷ್ಟು ಗಡ್ಡೆಗಳಲ್ಲಿ ಫಾಕ್ಸ್ಎ1 ಜೀನ್ ಬದಲಾಗಿರುವುದನ್ನು ಕಂಡಿತು. ಹೀಗಾಗಿ ‘ಇಆರ್‌ಜಿ ಇಲ್ಲ’ ಎಂದರೆ ಕ್ಯಾನ್ಸರ್ ಸೌಮ್ಯ ಎಂದು ಅರ್ಥವಲ್ಲ. ಅದು ಬೇರೆ ದಾರಿಯಲ್ಲಿ ಬೆಳೆದಿದೆ, ಅಷ್ಟೆ.

ರಕ್ತದ ವರದಿಯಲ್ಲಿ ‘ನೆಗೆಟಿವ್’ ಇದ್ದರೆ ಏನೇನು ಹುಡುಕಿದರು ಎಂದು ವಿಚಾರಿಸಿ. ಬದಲಾದರೆ ಈ ಕ್ಯಾನ್ಸರಿನ ಅಪಾಯ ಹೆಚ್ಚಿಸುವ ಹಾಕ್ಸ್‌ಬಿ13 ಜೀನ್‌ನಲ್ಲಿ ಉತ್ತರ ಯುರೋಪಿನವರಲ್ಲಿ ಜಿ84ಇ, ಚೀನೀಯರಲ್ಲಿ ಜಿ135ಇ, ಪಶ್ಚಿಮ ಆಫ್ರಿಕಾ ಮೂಲದವರಲ್ಲಿ ಎಕ್ಸ್285ಕೆ ಎಂಬ ಬದಲಾವಣೆಗಳು ಸಿಕ್ಕಿವೆ. ಒಂದನ್ನೇ ಹುಡುಕುವ ಪರೀಕ್ಷೆ ಉಳಿದವನ್ನು ಕಾಣುವುದಿಲ್ಲ.

‘ಅರ್ಥ ಖಚಿತವಾಗದ ಬದಲಾವಣೆ’ ಎಂದು ಬರೆದಿದ್ದರೆ ಗಾಬರಿ ಬೇಡ. ಜೀನ್ ದತ್ತಾಂಶದಲ್ಲಿ ಯುರೋಪ್ ಮೂಲದವರದೇ ಸಿಂಹಪಾಲು. ನಮ್ಮಂಥವರ ವರದಿಗಳಲ್ಲಿ ಈ ಸಾಲು ಹೆಚ್ಚಾಗಿ ಬರಲು ಅದೇ ಕಾರಣ. ಅದನ್ನು ನೆಚ್ಚಿ ಚಿಕಿತ್ಸೆ ಬದಲಿಸುವುದು ತಪ್ಪು.

ಎಲ್ಲವನ್ನೂ ಜೀನ್‌ನ ತಲೆಗೆ ಕಟ್ಟುವುದೂ ಸರಿಯಲ್ಲ. ಅಮೆರಿಕದಲ್ಲಿ ಈ ಕ್ಯಾನ್ಸರಿನಿಂದ ಕಪ್ಪು ಜನರ ಸಾವಿನ ಪ್ರಮಾಣ ಬಿಳಿಯರಿಗಿಂತ ಸುಮಾರು ಎರಡು ಪಟ್ಟು. ಆದರೆ ಮಾಜಿ ಸೈನಿಕರ ಆಸ್ಪತ್ರೆಗಳಂತೆ ಎಲ್ಲರಿಗೂ ಒಂದೇ ಚಿಕಿತ್ಸೆ ಸಿಗುವಲ್ಲಿ ಆ ಅಂತರ ಬಹಳ ಕುಗ್ಗುತ್ತದೆ. ಬಡತನ, ತಡವಾದ ಪತ್ತೆ, ದೂರದ ಆಸ್ಪತ್ರೆ ಇವೂ ಜೀವ ತೆಗೆಯುತ್ತವೆ.

ಕೊನೆಯದಾಗಿ ಬಿಆರ್‌ಸಿಎ2 (ಹಾಳಾದ ಡಿಎನ್‌ಎಯನ್ನು ಸರಿಪಡಿಸುವ ಜೀನ್) ಸಾಲನ್ನು ಹುಡುಕಿ. ಅಲ್ಲಿ ರೋಗಕಾರಕ ಬದಲಾವಣೆ ಇದ್ದು ಕ್ಯಾನ್ಸರ್ ಹರಡಿದ್ದರೆ ಒಲಾಪರಿಬ್‌ನಂಥ ಔಷಧ ನೆರವಾಗಬಹುದು. ಇದೇ ಜೀನ್‌ನ ದೋಷ ಸ್ತನ, ಅಂಡಾಶಯದ ಕ್ಯಾನ್ಸರಿಗೂ ಕಾರಣವಾಗಬಲ್ಲದು; ಹಾಗಾಗಿ ತಾಯಿಯ ಕಡೆಯವರಿಗೆ ಅವು ಆಗಿದ್ದರೆ, ವೈದ್ಯರು ಕೇಳದಿದ್ದರೂ ನೀವೇ ಹೇಳಿ.