ಮನೆಯವರ ಬಂಧನವಾದಾಗ: ಠಾಣೆಯಿಂದ ಜೈಲಿನ ಗೇಟಿನವರೆಗೆ ತಿಳಿದಿರಬೇಕಾದದ್ದು

ನಾನು ವಕೀಲಿ ವೃತ್ತಿ ನಡೆಸುವ ತಾಲ್ಲೂಕು ನ್ಯಾಯಾಲಯದಲ್ಲಿ ಒಬ್ಬ ತಾಯಿಯ ಮಗನಿಗೆ ಮಂಗಳವಾರ ಜಾಮೀನು ಮಂಜೂರಾಯಿತು. ಆತ ಜೈಲಿನಿಂದ ಹೊರಗೆ ಬಂದದ್ದು ಮುಂದಿನ ಸೋಮವಾರ. ನಡುವಿನ ದಿನಗಳು ಕಳೆದದ್ದು ವಾದ ಪ್ರತಿವಾದದಲ್ಲಲ್ಲ, ಒಂದು ಪಹಣಿಯ ಹಿಂದೆ ಅಲೆಯುವುದರಲ್ಲಿ. ಜಾಮೀನು ನಿಲ್ಲಲು ಬಂದಿದ್ದ ಸೋದರಮಾವನ ಎರಡು ಎಕರೆ ಹೊಲ ಇನ್ನೂ ತೀರಿಹೋದ ತಂದೆಯ ಹೆಸರಿನಲ್ಲೇ ಇತ್ತು. ಪೌತಿ ಖಾತೆ, ಅಂದರೆ ತೀರಿಹೋದವರ ಜಮೀನನ್ನು ವಾರಸುದಾರರ ಹೆಸರಿಗೆ ಬದಲಿಸುವುದು, ಆಗಿರಲಿಲ್ಲವಾದ್ದರಿಂದ ನ್ಯಾಯಾಲಯ ಅವರ ಶ್ಯೂರಿಟಿಯನ್ನು (ಜಾಮೀನುದಾರರಾಗಿ ಕೊಡುವ ಭರವಸೆಯನ್ನು) ಒಪ್ಪಲಿಲ್ಲ. ಶ್ಯೂರಿಟಿಯ ಕಾಗದಪತ್ರಗಳನ್ನು ಬಂಧನವಾದ ದಿನದಿಂದಲೇ ನೋಡಿಕೊಳ್ಳಬೇಕೆಂದು ಆ ತಾಯಿಗೆ ಮೊದಲೇ ಯಾರಾದರೂ ಹೇಳಿದ್ದರೆ, ಆತ ಅಷ್ಟು ರಾತ್ರಿಗಳನ್ನು ಒಳಗೆ ಕಳೆಯಬೇಕಾಗಿರಲಿಲ್ಲ. ಅಂಥ ಮನೆಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲಿಗೆ ಒಂದು ತಪ್ಪು ತಿಳಿವಳಿಕೆಯನ್ನು ದೂರ ಮಾಡಬೇಕು. ಅಂತರ್ಜಾಲದಲ್ಲಿ ಹುಡುಕಿದರೆ ಸಿಗುವ ಬಹುಪಾಲು ಮಾಹಿತಿ ಅಮೆರಿಕದ್ದು. ಅಲ್ಲಿನ ಅನೇಕ ರಾಜ್ಯಗಳಲ್ಲಿ ಖಾಸಗಿ ಕಂಪನಿಯೊಂದಕ್ಕೆ ಶುಲ್ಕ ಕಟ್ಟಿದರೆ ಅದು ಆರೋಪಿಯ ಪರವಾಗಿ ಜಾಮೀನು ನಿಲ್ಲುತ್ತದೆ. ನಮ್ಮಲ್ಲಿ ಆ ಪದ್ಧತಿ ಇಲ್ಲ. ಇಲ್ಲಿ ಜಾಮೀನು ನಿಲ್ಲುವವರು ಆರೋಪಿಯನ್ನು ಬಲ್ಲ ಮನುಷ್ಯರಾಗಿರಬೇಕು. ನ್ಯಾಯಾಲಯದ ಆವರಣದಲ್ಲಿ ಹಣ ಪಡೆದು ಶ್ಯೂರಿಟಿ ಕೊಡಿಸುತ್ತೇನೆ ಎನ್ನುವವರ ಕಾಗದಗಳು ನಕಲಿಯೆಂದು ಗೊತ್ತಾದರೆ ಜಾಮೀನೇ ರದ್ದಾಗಬಹುದು, ಮೇಲೆ ಇನ್ನೊಂದು ಮೊಕದ್ದಮೆಯೂ ದಾಖಲಾಗಬಹುದು. 2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಮುಂದೆ ನಾನು ಹೇಳುವ ಕಲಂಗಳೆಲ್ಲ ಅದರವೇ.

ಠಾಣೆಯಲ್ಲಿ

ಸುದ್ದಿ ತಿಳಿದ ಕೂಡಲೇ ಇಬ್ಬರು ಠಾಣೆಗೆ ಹೋಗಿ, ಒಬ್ಬರ ಕೈಯಲ್ಲಿ ನೋಟ್‌ಬುಕ್ಕು ಇರಲಿ. ಮೊದಲು ಕೇಳಬೇಕಾದದ್ದು, ದಸ್ತಗಿರಿ ಮಾಡಿದ್ದಾರೆಯೇ ಅಥವಾ ವಿಚಾರಣೆಗೆಂದು ಕರೆಸಿದ್ದಾರೆಯೇ ಎಂಬುದನ್ನು. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಕಣ್ಣುಮುಚ್ಚಿ ಬಂಧಿಸಬಾರದು, ಬಂಧನ ಏಕೆ ಅಗತ್ಯವೆಂಬ ಕಾರಣವನ್ನು ಬರೆದಿಡಬೇಕು ಎಂದು ಸುಪ್ರೀಂ ಕೋರ್ಟ್ 2014ರಲ್ಲೇ ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಬಂಧನ ಬೇಡವೆನಿಸಿದ ಕಡೆ 35(3)ನೇ ಕಲಮಿನ ನೋಟಿಸ್ ಕೊಟ್ಟು ಹಾಜರಾಗಲು ಹೇಳುತ್ತಾರೆ. ಆ ನೋಟಿಸನ್ನು ಕಡೆಗಣಿಸದೆ ಹಾಜರಾಗುತ್ತಿದ್ದರೆ ಸಾಮಾನ್ಯವಾಗಿ ಬಂಧಿಸುವಂತಿಲ್ಲ.

ದಸ್ತಗಿರಿ ಆಗಿದ್ದರೆ ಅಪರಾಧ ಸಂಖ್ಯೆ ಮತ್ತು ವರ್ಷ, ಹಾಕಿರುವ ಕಲಂಗಳು, ತನಿಖಾಧಿಕಾರಿಯ ಹೆಸರು, ಯಾವ ನ್ಯಾಯಾಲಯಕ್ಕೆ ಯಾವಾಗ ಹಾಜರುಪಡಿಸುತ್ತಾರೆ ಎಂಬುದು, ಇಷ್ಟನ್ನು ಕೇಳಿ ಬರೆದುಕೊಳ್ಳಿ. ವಕೀಲರು ನಿಮ್ಮನ್ನು ಮೊದಲು ಕೇಳುವುದೂ ಇದನ್ನೇ. ಬಂಧಿತರ ವಿವರವನ್ನು ಇಟ್ಟುಕೊಂಡು ಹೇಳಲು ಪ್ರತಿ ಠಾಣೆಯಲ್ಲಿ ಸಹಾಯಕ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಒಬ್ಬ ಅಧಿಕಾರಿಯನ್ನು ನೇಮಿಸಿರಬೇಕೆಂದು 37ನೇ ಕಲಂ ಹೇಳುತ್ತದೆ. ಠಾಣೆಯಲ್ಲಿ ಉತ್ತರ ಸಿಗದಿದ್ದರೆ ಜಿಲ್ಲಾ ಪೊಲೀಸ್ ಕಂಟ್ರೋಲ್ ರೂಮಿನಲ್ಲಿ ವಿಚಾರಿಸಿ. ಲೈಂಗಿಕ ಅಪರಾಧ, ಭಯೋತ್ಪಾದನೆಯಂಥ ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟರೆ ಎಫ್‌ಐಆರ್ ಪ್ರತಿ ಪೊಲೀಸ್ ಇಲಾಖೆಯ ಜಾಲತಾಣದಲ್ಲಿಯೂ ಇರಬೇಕು.

ಬಂಧನದ ಮೆಮೊ ಎಂಬ ಒಂದು ಹಾಳೆಗೆ ನಿಮ್ಮ ಸಹಿ ಕೇಳಬಹುದು, ಏಕೆಂದರೆ ಅದಕ್ಕೆ ಮನೆಯವರೊಬ್ಬರು ಇಲ್ಲವೇ ಊರಿನ ಗೌರವಸ್ಥರೊಬ್ಬರು ಸಾಕ್ಷಿಯಾಗಿರಬೇಕು. ಸಹಿ ಹಾಕುವ ಮೊದಲು ಅದರಲ್ಲಿರುವ ದಿನಾಂಕ ಮತ್ತು ಗಂಟೆಯನ್ನು ದಯವಿಟ್ಟು ಓದಿ. ಬೆಳಿಗ್ಗೆ ಏಳಕ್ಕೆ ಮನೆಯಿಂದ ಕರೆದೊಯ್ದವರನ್ನು ಸಂಜೆ ಆರಕ್ಕೆ ಬಂಧಿಸಿದಂತೆ ಬರೆದಿದ್ದರೆ, ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕಾದ 24 ಗಂಟೆಯ ಲೆಕ್ಕ ಹನ್ನೊಂದು ಗಂಟೆ ತಡವಾಗಿ ಶುರುವಾಗುತ್ತದೆ. ಅಂಥ ವ್ಯತ್ಯಾಸವಿದ್ದರೆ ಜಗಳವಾಡಬೇಡಿ. ನಿಜವಾದ ಸಮಯವನ್ನು ನೋಟ್‌ಬುಕ್ಕಿನಲ್ಲಿ ಬರೆದು, ಕಂಡವರು ಯಾರೆಂದು ಗುರುತುಹಾಕಿ, ವಕೀಲರ ಮೂಲಕ ಮ್ಯಾಜಿಸ್ಟ್ರೇಟರ ಗಮನಕ್ಕೆ ತನ್ನಿ. ಖಾಲಿ ಹಾಳೆಗೆ ಮಾತ್ರ ಯಾವ ಕಾರಣಕ್ಕೂ ಸಹಿ ಹಾಕಬೇಡಿ. ಬಂಧನದ ಕಾರಣಗಳನ್ನು ಬಂಧಿತರಿಗೆ ಅರ್ಥವಾಗುವ ಭಾಷೆಯಲ್ಲಿ ಬರಹದಲ್ಲಿ ಕೊಡಬೇಕೆಂದು 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಎಲ್ಲ ಅಪರಾಧಗಳಿಗೂ ಅನ್ವಯಿಸಿ ತೀರ್ಪು ನೀಡಿದೆ. ಆ ಬರಹದ ಪ್ರತಿಯನ್ನು ಕೇಳಿ ಪಡೆಯಿರಿ.

ಬಂಧಿತರ ಮೈಮೇಲಿನ ಉಂಗುರ, ಸರ, ಹಣ, ಮೊಬೈಲುಗಳನ್ನು ತೆಗೆದಿರಿಸಿಕೊಂಡರೆ ಅದಕ್ಕೆ ರಸೀದಿ ಕೊಡಬೇಕು. ಬಂಧನದ ಬಳಿಕ ವೈದ್ಯಕೀಯ ತಪಾಸಣೆ ಕಡ್ಡಾಯ, ಮೈಮೇಲೆ ಏಟಿನ ಗುರುತಿದ್ದರೆ ವೈದ್ಯರಿಗೆ ಬಾಯಿಬಿಟ್ಟು ಹೇಳಲು ತಿಳಿಸಿ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೂರ್ಛೆರೋಗದಂಥವು ಇದ್ದರೆ ಮಾತ್ರೆಗಳ ಜೊತೆಗೆ ವೈದ್ಯರ ಚೀಟಿಯನ್ನೂ ಒಯ್ಯಿರಿ. ಚೀಟಿಯಿಲ್ಲದ ಮಾತ್ರೆ ಜೈಲಿನ ಗೇಟು ದಾಟುವುದಿಲ್ಲ. ಮಹಿಳೆಯನ್ನು ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಬಂಧಿಸುವಂತಿಲ್ಲ. ತೀರಾ ಅಸಾಧಾರಣ ಸಂದರ್ಭವಿದ್ದರೂ ಮಹಿಳಾ ಅಧಿಕಾರಿಯೇ ಮ್ಯಾಜಿಸ್ಟ್ರೇಟರ ಪೂರ್ವಾನುಮತಿ ಪಡೆದು ಬಂಧಿಸಬೇಕು. ಹುಡುಗನಿಗೆ 18 ತುಂಬಿಲ್ಲವಾದರೆ ಜನನ ಪ್ರಮಾಣಪತ್ರವನ್ನೋ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನೋ ಹಿಡಿದು ಓಡಿ. ಅವನನ್ನು ಲಾಕಪ್ಪಿನಲ್ಲಾಗಲಿ ಜೈಲಿನಲ್ಲಾಗಲಿ ಇಡುವಂತಿಲ್ಲ, ಬಾಲನ್ಯಾಯ ಮಂಡಳಿಯ ಮುಂದೆಯೇ ಹಾಜರುಪಡಿಸಬೇಕು.

ಈ ಗಡಿಬಿಡಿಯಲ್ಲಿ ಮನೆಯವರು ಪ್ರೀತಿಯಿಂದಲೇ ಮಾಡುವ ಎರಡು ಕೆಲಸಗಳು ಮುಂದೆ ಜಾಮೀನಿಗೆ ಅಡ್ಡ ಬರುತ್ತವೆ. ರಾಜಿ ಮಾಡಿಕೊಳ್ಳೋಣವೆಂದು ನಾಲ್ಕಾರು ಜನ ದೂರುದಾರರ ಮನೆ ಬಾಗಿಲಿಗೆ ಹೋಗುವುದು ಒಂದು. ಅದೇ ಭೇಟಿ ಸರ್ಕಾರಿ ಅಭಿಯೋಜಕರ ತಕರಾರು ಅರ್ಜಿಯಲ್ಲಿ ‘ಸಾಕ್ಷಿಗಳಿಗೆ ಬೆದರಿಕೆ’ ಎಂದು ಬರುವುದನ್ನು ನಾನು ಎಷ್ಟೋ ಸಲ ಓದಿದ್ದೇನೆ. ಫೋನಿನಲ್ಲಿರುವ ಸಂದೇಶ, ಫೋಟೊಗಳನ್ನು ಅಳಿಸುವುದು ಇನ್ನೊಂದು, ಅದು ಸಾಕ್ಷ್ಯನಾಶ.

ಮ್ಯಾಜಿಸ್ಟ್ರೇಟರ ಮುಂದೆ

ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಬಂಧಿತರನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಲೇಬೇಕು. ಇದು ಸಂವಿಧಾನದ 22ನೇ ವಿಧಿಯ ಮಾತು. ಎರಡನೇ ಶನಿವಾರ, ಭಾನುವಾರ, ಹಬ್ಬದ ರಜೆ ಯಾವುದೂ ಇದಕ್ಕೆ ಅಡ್ಡಿಯಲ್ಲ, ರಜಾದಿನಗಳಲ್ಲಿ ನ್ಯಾಯಾಧೀಶರ ಮನೆಗೇ ಕರೆದೊಯ್ಯುತ್ತಾರೆ. ಎಷ್ಟು ಗಂಟೆಗೆ ಎಂಬುದನ್ನು ಮೊದಲೇ ತಿಳಿದುಕೊಂಡು ವಕೀಲರೊಡನೆ ಅಲ್ಲಿರಿ.

ವಕೀಲರನ್ನು ಇಟ್ಟುಕೊಳ್ಳಲು ಹಣವಿಲ್ಲದಿದ್ದರೆ 15100ಕ್ಕೆ ಕರೆ ಮಾಡಿ, ಇಲ್ಲವೇ ನ್ಯಾಯಾಲಯದ ಆವರಣದಲ್ಲೇ ಇರುವ ಕಾನೂನು ಸೇವಾ ಪ್ರಾಧಿಕಾರ ಅಥವಾ ಸಮಿತಿಯ ಕಚೇರಿಗೆ ಹೋಗಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಅಧಿನಿಯಮದ ಪ್ರಕಾರ ಬಂಧನದಲ್ಲಿರುವ ಯಾರಿಗಾದರೂ ಉಚಿತ ವಕೀಲರು ಸಿಗುತ್ತಾರೆ. ಅದು ಹಕ್ಕು, ಯಾರ ಮುಂದೆಯೂ ಸಂಕೋಚಪಡಬೇಕಾಗಿಲ್ಲ.

ಆ ದಿನ ಮ್ಯಾಜಿಸ್ಟ್ರೇಟರು ಆರೋಪಿಯನ್ನು ಪೊಲೀಸ್ ಕಸ್ಟಡಿಗೆ ಕೊಡಬಹುದು, ನ್ಯಾಯಾಂಗ ಬಂಧನಕ್ಕೆ ಕಳಿಸಬಹುದು ಅಥವಾ ಬಿಡುಗಡೆ ಮಾಡಬಹುದು. ಪೊಲೀಸ್ ಕಸ್ಟಡಿ ಎಂದರೆ ಠಾಣೆಯಲ್ಲಿಯೇ ವಿಚಾರಣೆ. ಅದು ಒಟ್ಟು 15 ದಿನವನ್ನು ಮೀರುವಂತಿಲ್ಲವಾದರೂ ಹೊಸ ಸಂಹಿತೆಯಲ್ಲಿ ಅದನ್ನು ಬಿಡಿಬಿಡಿಯಾಗಿ, ಅಪರಾಧದ ಗಂಭೀರತೆಗೆ ತಕ್ಕಂತೆ ಮೊದಲ 40 ಅಥವಾ 60 ದಿನಗಳೊಳಗೆ ಕೇಳಲು ಅವಕಾಶವಿದೆ. ನ್ಯಾಯಾಂಗ ಬಂಧನವೆಂದರೆ ಜೈಲು. ‘ಮ್ಯಾಜಿಸ್ಟ್ರೇಟರು ಜೈಲಿಗೆ ಕಳಿಸಿದರು, ಅಂದರೆ ತಪ್ಪು ಸಾಬೀತಾಯಿತು’ ಎಂದು ಕುಸಿದುಬೀಳುವ ತಂದೆಯರನ್ನು ಕಂಡು ನನಗೆ ಸಂಕಟವಾಗುತ್ತದೆ. ಆ ಹಂತದಲ್ಲಿ ಯಾವ ತೀರ್ಮಾನವೂ ಆಗಿರುವುದಿಲ್ಲ.

ಜೈಲಿನ ಒಳಗೆ ಏನಾಗುತ್ತದೆ

ಬೆಂಗಳೂರಿನವರನ್ನು ಸಾಮಾನ್ಯವಾಗಿ ಪರಪ್ಪನ ಅಗ್ರಹಾರದ ಕೇಂದ್ರ ಕಾರಾಗೃಹಕ್ಕೂ ಉಳಿದೆಡೆ ಆಯಾ ಜಿಲ್ಲೆಯ ಕಾರಾಗೃಹಕ್ಕೂ ಕಳಿಸುತ್ತಾರೆ. ಗೇಟಿನಲ್ಲಿ ವಾರಂಟ್ ನೋಡಿ, ಮೈ ತಪಾಸಣೆ ಮಾಡಿ, ವಸ್ತುಗಳನ್ನು ಬರೆದುಕೊಂಡು, ಫೋಟೊ ಮತ್ತು ಗುರುತಿನ ಚಿಹ್ನೆಗಳನ್ನು ದಾಖಲಿಸಿ, ಆರೋಗ್ಯ ಪರೀಕ್ಷಿಸಿ, ವಿಚಾರಣಾಧೀನ ಕೈದಿಯ ಸಂಖ್ಯೆ ಕೊಡುತ್ತಾರೆ. ಎಲ್ಲರ ಬಾಯಲ್ಲಿರುವ ಯುಟಿಪಿ ನಂಬರ್ ಇದೇ. ಭೇಟಿಗೆ, ಹಣ ಕಟ್ಟುವುದಕ್ಕೆ, ವಕೀಲರನ್ನು ನೇಮಿಸುವ ವಕಾಲತ್ತಿಗೆ ಸಹಿ ತರಿಸುವುದಕ್ಕೆ ಈ ಸಂಖ್ಯೆ ಬೇಕಾಗುತ್ತದೆ. ಭೇಟಿಯನ್ನು ಇ-ಮುಲಾಕಾತ್ ಜಾಲತಾಣದಲ್ಲಿ ಮೊದಲೇ ಗೊತ್ತುಮಾಡಿಕೊಳ್ಳಬಹುದು. ಹೋಗುವಾಗ ಮೂಲ ಗುರುತಿನ ಚೀಟಿ ಇರಲಿ. ವಿಚಾರಣಾಧೀನರು ತಮ್ಮ ಬಟ್ಟೆಯನ್ನೇ ತೊಡಬಹುದಾದ್ದರಿಂದ ಎರಡು ಜೊತೆ ಸಾದಾ ಬಟ್ಟೆ ಒಯ್ಯಿರಿ.

ಯಾವ ಜಾಮೀನು, ಯಾರ ಬಳಿ

ಜಾಮೀನು ಕೊಡಬಹುದಾದ ಅಪರಾಧವಾದರೆ ಜಾಮೀನು ಹಕ್ಕು, ಠಾಣೆಯಲ್ಲಿಯೇ ಬಿಡಬಹುದು. ಶ್ಯೂರಿಟಿ ಒದಗಿಸಲಾಗದೆ ಬಂಧನದಿಂದ ಒಂದು ವಾರ ಕಳೆದರೆ ಆತನನ್ನು ಬಡವನೆಂದೇ ಪರಿಗಣಿಸಿ ಸ್ವಂತ ಮುಚ್ಚಳಿಕೆಯ (ಹಾಜರಾಗುತ್ತೇನೆಂದು ಬರೆದುಕೊಡುವ ಕರಾರಿನ) ಮೇಲೆ ಬಿಡಬೇಕೆಂದು 478ನೇ ಕಲಂ ಹೇಳುತ್ತದೆ.

ಜಾಮೀನುರಹಿತ ಅಪರಾಧವೆಂದರೆ ಜಾಮೀನೇ ಸಿಗದ ಅಪರಾಧವಲ್ಲ, ನ್ಯಾಯಾಲಯ ವಿವೇಚಿಸಿ ಕೊಡಬೇಕಾದದ್ದು. ಮರಣದಂಡನೆ ಅಥವಾ ಜೀವಾವಧಿಯ ಅಪರಾಧಗಳಲ್ಲಿ ಮ್ಯಾಜಿಸ್ಟ್ರೇಟರ ಅಧಿಕಾರ ಕಡಿಮೆ, ಆದರೂ ಮಹಿಳೆಯರು, ಕಾಯಿಲೆಯವರು, ಅಶಕ್ತರ ವಿಷಯದಲ್ಲಿ ವಿನಾಯಿತಿಯಿದೆ. ಅಲ್ಲಿ ಆಗದಿದ್ದರೆ ಸೆಷನ್ಸ್ ನ್ಯಾಯಾಲಯ, ಆಮೇಲೆ ಹೈಕೋರ್ಟಿನ ಬೆಂಗಳೂರು, ಧಾರವಾಡ ಅಥವಾ ಕಲಬುರಗಿ ಪೀಠ. ಬಂಧನದ ಭಯವಿರುವವರು ಬಂಧನಕ್ಕೆ ಮೊದಲೇ 482ನೇ ಕಲಮಿನಡಿ ನಿರೀಕ್ಷಣಾ ಜಾಮೀನು ಕೇಳಬಹುದು. ಮಾದಕ ವಸ್ತು, ಯುಎಪಿಎ (ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆ), ಅಕ್ರಮ ಹಣ ವರ್ಗಾವಣೆಯಂಥ ವಿಶೇಷ ಕಾಯ್ದೆಗಳಲ್ಲಿ ಜಾಮೀನಿನ ಷರತ್ತುಗಳು ಬಹಳ ಬಿಗಿ; ಅವುಗಳಿಗೆ ಆ ಕಾಯ್ದೆಯಲ್ಲಿ ಅನುಭವವಿರುವ ವಕೀಲರೇ ಬೇಕು.

ಕ್ಯಾಲೆಂಡರಿನಲ್ಲಿ ಒಂದು ದಿನವನ್ನು ಕೆಂಪು ಶಾಯಿಯಲ್ಲಿ ಗುರುತು ಮಾಡಿಡಿ. ಮೊದಲ ರಿಮಾಂಡ್ ಆದ, ಅಂದರೆ ಮ್ಯಾಜಿಸ್ಟ್ರೇಟರು ಮೊದಲ ಸಲ ಕಸ್ಟಡಿಗೋ ಜೈಲಿಗೋ ಕಳಿಸಿದ, ದಿನವನ್ನೂ ಸೇರಿಸಿ 60 ದಿನಗಳೊಳಗೆ, ಮರಣದಂಡನೆ, ಜೀವಾವಧಿ ಅಥವಾ ಹತ್ತು ವರ್ಷ ಮತ್ತು ಮೇಲ್ಪಟ್ಟ ಶಿಕ್ಷೆಯ ಅಪರಾಧವಾದರೆ 90 ದಿನಗಳೊಳಗೆ ಪೊಲೀಸರು ದೋಷಾರೋಪ ಪಟ್ಟಿ ಸಲ್ಲಿಸದಿದ್ದರೆ ಜಾಮೀನು ಹಕ್ಕಾಗಿಬಿಡುತ್ತದೆ. ಆದರೆ ಅರ್ಜಿ ಹಾಕದೆ ಸುಮ್ಮನಿದ್ದು, ಮರುದಿನ ದೋಷಾರೋಪ ಪಟ್ಟಿ ಬಂದುಬಿಟ್ಟರೆ ಆ ಹಕ್ಕು ಕೈತಪ್ಪುತ್ತದೆ. ಆದ್ದರಿಂದ ಅರ್ಜಿಯನ್ನು ಹಿಂದಿನ ವಾರವೇ ಸಿದ್ಧಪಡಿಸಿಡಿ.

ಶ್ಯೂರಿಟಿ

ಆದೇಶದಲ್ಲಿ ಸಾಮಾನ್ಯವಾಗಿ ‘50,000 ರೂಪಾಯಿಯ ವೈಯಕ್ತಿಕ ಮುಚ್ಚಳಿಕೆ ಮತ್ತು ಅಷ್ಟೇ ಮೊತ್ತಕ್ಕೆ ಒಬ್ಬರು ಅಥವಾ ಇಬ್ಬರು ಜಾಮೀನುದಾರರು’ ಎಂಬಂತೆ ಇರುತ್ತದೆ. ಈ ಹಣವನ್ನು ಕಟ್ಟಬೇಕೆಂದು ತಿಳಿದು ಬಡ್ಡಿಗೆ ಸಾಲ ತಂದವರಿದ್ದಾರೆ. ಕಟ್ಟಬೇಕಾಗಿಲ್ಲ, ಆರೋಪಿ ವಾಯಿದೆಗೆ (ನ್ಯಾಯಾಲಯ ಗೊತ್ತುಮಾಡಿದ ದಿನಕ್ಕೆ) ಬಾರದೆ ತಲೆಮರೆಸಿಕೊಂಡರೆ ಅಷ್ಟು ಹಣ ಕಟ್ಟುತ್ತೇವೆಂಬ ಮಾತು ಅದು.

ಜಮೀನಿರುವ ಜಾಮೀನುದಾರರಾದರೆ ಇತ್ತೀಚಿನ ಪಹಣಿ, ಮನೆ ಅಥವಾ ನಿವೇಶನವಾದರೆ ಖಾತೆ ಮತ್ತು ಚಾಲ್ತಿ ವರ್ಷದ ಕಂದಾಯ ರಸೀದಿ, ನೌಕರರಾದರೆ ವೇತನ ಪ್ರಮಾಣಪತ್ರ, ಎಲ್ಲರಿಗೂ ಆಧಾರ್ ಮತ್ತು ಫೋಟೊ ಬೇಕು. ಪಹಣಿಯಲ್ಲಿನ ಹೆಸರು, ಆಧಾರಿನಲ್ಲಿನ ಹೆಸರು ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ. ಒಂದರಲ್ಲಿ ‘ನಿಂಗಪ್ಪ’, ಇನ್ನೊಂದರಲ್ಲಿ ‘ನಿಂಗೇಗೌಡ’ ಎಂದಿದ್ದರೆ ಅಲ್ಲೇ ತೊಡಕು. ಖಾತೆ ಜಂಟಿಯಾಗಿದೆಯೇ, ಜಮೀನಿನ ಮೇಲೆ ಸಾಲವಿದೆಯೇ ಎಂದೂ ನೋಡಿ. ಒಬ್ಬರು ಬೇಕೆಂದಿದ್ದರೂ ಇನ್ನೊಬ್ಬರನ್ನು ಸಿದ್ಧವಾಗಿಟ್ಟುಕೊಂಡಿರಿ.

ಜಾಮೀನುದಾರರು ನ್ಯಾಯಾಧೀಶರ ಮುಂದೆ ನಿಲ್ಲಬೇಕು. ಆರೋಪಿ ನಿಮಗೆ ಏನಾಗಬೇಕು, ಎಷ್ಟು ವರ್ಷದ ಪರಿಚಯ, ಜಮೀನು ಎಲ್ಲಿದೆ, ಎಷ್ಟು ಬೆಲೆ ಬಾಳುತ್ತದೆ, ಹಿಂದೆ ಯಾರಿಗಾದರೂ ಜಾಮೀನು ನಿಂತಿದ್ದೀರಾ ಎಂದು ಕೇಳುತ್ತಾರೆ. ಹಿಂದೆ ಎಷ್ಟು ಜನಕ್ಕೆ ನಿಂತಿದ್ದಾರೆಂಬುದನ್ನು ಬರೆದೂ ಕೊಡಬೇಕು. ಒಬ್ಬ ಹಿರಿಯ ರೈತರು ತಮ್ಮ ಹೊಲದ ಸರ್ವೆ ನಂಬರನ್ನು ನಿದ್ದೆಯಲ್ಲೂ ಹೇಳಬಲ್ಲವರು, ಕಟಕಟೆಯಲ್ಲಿ ಒಂದು ಮಾತೂ ಹೊರಡದೆ ನಡುಗುತ್ತ ನಿಂತರು. ಅಂಥವರನ್ನು ಹಿಂದಿನ ದಿನವೇ ಕೂರಿಸಿಕೊಂಡು, ಕೇಳುವುದಿಷ್ಟೇ, ಇದ್ದದ್ದನ್ನು ಇದ್ದಹಾಗೆ ಹೇಳಿ ಎಂದು ಧೈರ್ಯ ತುಂಬಿ.

ರಾಯಚೂರಿನಿಂದ ಬಂದು ಬೆಂಗಳೂರಿನಲ್ಲಿ ಗಾರೆ ಕೆಲಸ ಮಾಡುವವರಿಗೆ ಇಲ್ಲಿ ಯಾರು ಜಾಮೀನು ನಿಲ್ಲುತ್ತಾರೆ? 1978ರಲ್ಲಿ ಮೋತಿರಾಮ್ ಎಂಬ ಗಾರೆ ಕೆಲಸದವರ ಪ್ರಕರಣದಲ್ಲಿ, ಅಣ್ಣನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂಬ ಕಾರಣಕ್ಕೆ ಆತನ ಶ್ಯೂರಿಟಿಯನ್ನು ನಿರಾಕರಿಸಿದ್ದನ್ನು ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಆದ್ದರಿಂದ ಊರಿನ ಪಹಣಿಯನ್ನೇ ತರಿಸಿ. ಮೊತ್ತ ಹೆಚ್ಚಾಯಿತೆನಿಸಿದರೆ ಕಡಿಮೆ ಮಾಡಲು ಅರ್ಜಿ ಹಾಕಬಹುದು, ನ್ಯಾಯಾಲಯ ಒಪ್ಪಿದರೆ ಶ್ಯೂರಿಟಿಯ ಬದಲು ನಗದು ಠೇವಣಿ ಇಡಬಹುದು. ಜಾಮೀನಾಗಿ ಒಂದು ತಿಂಗಳಾದರೂ ಶ್ಯೂರಿಟಿ ಕೊಡಲಾಗದಿದ್ದರೆ ಷರತ್ತು ಸಡಿಲಿಸುವುದನ್ನು ನ್ಯಾಯಾಲಯ ತಾನಾಗಿಯೇ ಪರಿಶೀಲಿಸಬಹುದೆಂದು 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದೇಶದ ಪ್ರತಿಯನ್ನು ಅದೇ ದಿನ ಅಥವಾ ಮರುದಿನ ಇ-ಮೇಲ್ ಮೂಲಕ ಜೈಲಿಗೆ ಕಳಿಸಬೇಕು, ಏಳು ದಿನದಲ್ಲಿ ಬಿಡುಗಡೆಯಾಗದಿದ್ದರೆ ಜೈಲಿನ ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು ಎಂಬುದೂ ಅದೇ ನಿರ್ದೇಶನದಲ್ಲಿದೆ.

ಬಿಡುಗಡೆಯ ದಿನ

ಶ್ಯೂರಿಟಿ ಅಂಗೀಕಾರವಾದ ಮೇಲೆ ಬಿಡುಗಡೆ ಆದೇಶ ಜೈಲಿಗೆ ಹೋಗುತ್ತದೆ. ಬೇರೆ ಪ್ರಕರಣದ ವಾರಂಟ್ ಇದೆಯೇ ಎಂದು ಅಲ್ಲಿ ನೋಡಿಯೇ ಬಿಡುತ್ತಾರೆ. ಸಂಜೆ ಕೈದಿಗಳನ್ನು ಒಳಗೆ ಸೇರಿಸಿ ಬೀಗ ಹಾಕಿದ ಮೇಲೆ ಆದೇಶ ತಲುಪಿದರೆ ಬಿಡುಗಡೆ ಮರುದಿನಕ್ಕೆ ಹೋಗುವುದರಿಂದ, ಶ್ಯೂರಿಟಿಯ ಕೆಲಸವನ್ನು ಬೆಳಗಿನ ಕಲಾಪದಲ್ಲೇ ಮುಗಿಸಲು ವಕೀಲರನ್ನು ಕೇಳಿಕೊಳ್ಳಿ.

ಆದೇಶದ ಷರತ್ತುಗಳನ್ನು ಮನೆಯಲ್ಲಿ ಎಲ್ಲರೂ ಕೂತು ಓದಿ: ಯಾವ ದಿನ ಠಾಣೆಗೆ ಹೋಗಿ ಸಹಿ ಹಾಕಬೇಕು, ಯಾವ ಊರಿಗೆ ಹೋಗಬಾರದು, ಯಾರನ್ನು ಸಂಪರ್ಕಿಸಬಾರದು, ಪಾಸ್‌ಪೋರ್ಟ್ ಒಪ್ಪಿಸಬೇಕೇ ಎಂಬುದೆಲ್ಲ ಅದರಲ್ಲಿರುತ್ತದೆ. ಪ್ರತಿ ವಾಯಿದೆಯ ದಿನಾಂಕವನ್ನು ಇ-ಕೋರ್ಟ್ಸ್ ಆ್ಯಪಿನಲ್ಲಿ ನೋಡಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಿರಿ, ಜಾಮೀನು ನಿಂತವರಿಗೂ ಅದೇ ದಿನ ಫೋನ್ ಮಾಡಿ ತಿಳಿಸಿ. ಆತ ಒಂದು ವಾಯಿದೆ ತಪ್ಪಿಸಿದರೆ ನೋಟಿಸ್ ಹೋಗುವುದು ತಮ್ಮ ಪಹಣಿ ಹಿಡಿದು ನಿಮಗಾಗಿ ಕೋರ್ಟಿಗೆ ಬಂದವರ ಮನೆಗೆ.